ಪಟ್ಟಿಯಲ್ಲಿ ಹೆಸರಿದ್ದವರಿಗೆ ಐದು ಸಾವಿರ

2020ರ ಮಾರ್ಚ್ 17ರಂದು ಕೊರೊನಾ ಕಾರಣಕ್ಕೆ ಪುರಾತತ್ವ ಇಲಾಖೆ ದೇಶದಲ್ಲಿ ತನ್ನ ಅಧೀನದ ಸ್ಮಾರಕಗಳನ್ನೆಲ್ಲ ಮುಚ್ಚಿತು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೂ ಬೀಗ ಬಿತ್ತು. ತಿಂಗಳ ಕೊನೆವರೆಗೆ ಮಾತ್ರ ಎಂದಿದ್ದರು. ಬಿಸಿಲು ಏರಿದ ಮೇಲೆ ಹಂಪಿಗೆ ಹೇಗೂ ಜನ ಕಡಿಮೆ, ಯುಗಾದಿ ಮುಗಿಸಿ ನೋಡೋಣ ಅಂದುಕೊಂಡು ಮನೆಗೆ ಬಂದೆ. ಯುಗಾದಿಯ ದಿನವೇ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು.

ನಾನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಗೈಡ್. ನಮ್ಮದು ಸೀಸನ್ ದುಡಿಮೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಗಳಿಸಿದ್ದರಲ್ಲೇ ಬೇಸಿಗೆ, ಮಳೆಗಾಲ ಎರಡನ್ನೂ ದಾಟಬೇಕು. ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪರಿಹಾರ ಘೋಷಿಸಿದಾಗ ಆ ಸುದ್ದಿಯನ್ನು ಎರಡು ಸಲ ಓದಿದೆ. ಹೂವು ಬೆಳೆಗಾರರಿದ್ದರು, ಅಗಸರಿದ್ದರು, ಕ್ಷೌರಿಕರಿದ್ದರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದಿತ್ತು. ಗೈಡ್ ಎಂಬ ಪದ ಎಲ್ಲೂ ಇರಲಿಲ್ಲ.

ಪಕ್ಕದ ಮನೆಯ ಆಟೊ ಚಾಲಕನ ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನಾನೇ ಕೂತು ತುಂಬಿಸಿದೆ. ಲೈಸೆನ್ಸಿನಲ್ಲಿ ಅವನ ಹೆಸರಿನ ಹಿಂದೆ ಒಂದು ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಎರಡು. ಒಂದು ಅಕ್ಷರ ತಾಳೆಯಾಗದ್ದಕ್ಕೆ ಅವನ ದುಡ್ಡು ಉಳಿದವರಿಗಿಂತ ಎಷ್ಟೋ ದಿನ ತಡವಾಗಿ ಬಂತು. ಮನೆಯಲ್ಲಿ ಅಕ್ಕಿ ಮುಗಿದವನಿಗೆ ಆ ದಿನಗಳು ಎಷ್ಟು ಉದ್ದವೆಂದು ಹತ್ತಿರದಿಂದ ನೋಡಿದ್ದೇನೆ. ಆ ವಾರವೇ ನಮ್ಮ ಮನೆಯವರೆಲ್ಲರ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು ಹರಡಿಕೊಂಡು ಹೆಸರುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದೆ.

ಸಾಲದ ಕಂತಿನ ವಿಷಯದಲ್ಲಿ ನಾನೇ ಎಡವಿದೆ. ಆಗಸ್ಟ್ 31ರವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಗಾಡಿ ಸಾಲದ ಅಷ್ಟೂ ಕಂತು ಬಿಟ್ಟೆ. ಮುಂದೂಡುವುದು ಬೇರೆ, ಮನ್ನಾ ಬೇರೆ ಅನ್ನುವುದು ಅರ್ಥವಾದದ್ದು ಹೊಸ ಕಂತಿನ ಪಟ್ಟಿ ಕೈಗೆ ಬಂದಾಗ. ಬಡ್ಡಿಯ ಮೇಲಿನ ಬಡ್ಡಿಯನ್ನಷ್ಟೇ ಕೇಂದ್ರ ಸರ್ಕಾರ ಆ ವರ್ಷದ ನವೆಂಬರಿನಲ್ಲಿ ಖಾತೆಗೆ ಹಾಕಿತು. ಮೂಲ ಬಡ್ಡಿ ನನ್ನ ತಲೆಯ ಮೇಲೇ ಉಳಿಯಿತು.

ಗೈಡ್‌ಗಳ ಸರದಿ ಬಂದದ್ದು ಎರಡನೇ ಅಲೆಯಲ್ಲಿ, 2021ರ ಜೂನ್‌ನಲ್ಲಿ. ರಾಜ್ಯ ಸರ್ಕಾರ ಘೋಷಿಸಿದ್ದು ಇಷ್ಟು: ಹೋಟೆಲು, ರೆಸಾರ್ಟುಗಳಿಗೆ ಆ ವರ್ಷದ ಆಸ್ತಿ ತೆರಿಗೆಯಲ್ಲಿ ಅರ್ಧ ವಿನಾಯಿತಿ, ಮೂರು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ. ನೋಂದಾಯಿತ ಗೈಡ್‌ಗಳಿಗೆ ಒಂದು ಸಲಕ್ಕೆ 5,000 ರೂಪಾಯಿ. ಟ್ರಂಕಿನಿಂದ ಗುರುತಿನ ಚೀಟಿ ತೆಗೆದೆ. ಹಿಂದಿನ ವರ್ಷ ಬೇಡಬೇಡವೆನ್ನುತ್ತಲೇ ಅದನ್ನು ನವೀಕರಿಸಿದ್ದೆ. ಅದರಿಂದಲೇ ದುಡ್ಡು ಬಂತು. ಹಣ ಬಿಡಿಸಿಕೊಂಡು ರೇಷನ್ ಅಂಗಡಿಗೆ ಹೋದಾಗ ಅಂಗಡಿಯವನು ಐವತ್ತರ ನೋಟೊಂದನ್ನು ಚಿಲ್ಲರೆಯಾಗಿ ಕೊಟ್ಟ. ಅದರ ಮೇಲೆ ನಮ್ಮ ಹಂಪಿಯ ಕಲ್ಲಿನ ರಥ. ಆ ರಥವನ್ನು ಪ್ರವಾಸಿಗರಿಗೆ ತೋರಿಸಿಯೇ ಮಕ್ಕಳನ್ನು ಓದಿಸಿದವನು ನಾನು. ನೋಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಅಂದು ಸಂಜೆ ತಳವಾರಘಟ್ಟದಲ್ಲಿ ಹರಿಗೋಲು ಹಾಕುವವನೊಬ್ಬ ಸಿಕ್ಕ. ನಾನು ಕರೆತಂದ ಪ್ರವಾಸಿಗರನ್ನು ಎಷ್ಟೋ ವರ್ಷ ಹೊಳೆ ದಾಟಿಸಿದವನು. "ಯಣ್ಣಾ, ನಿಮಗಾದ್ರ ಸರ್ಕಾರದ ಚೀಟಿ ಐತಿ. ನನ್ನ ಹರಿಗೋಲಿಗೆ ಯಾವ ಚೀಟಿ ಐತಿ?" ಅಂದ. ಉತ್ತರ ಕೊಡಲಾಗಲಿಲ್ಲ. ಎಳನೀರಿನವರು, ಕಲ್ಲಿನ ಸಣ್ಣ ರಥ ಮಾರುವವರು, ಬಾಡಿಗೆಗೆ ಸೈಕಲ್ ಕೊಡುವವರು, ಇವರಿಲ್ಲದೆ ಹಂಪಿಯ ಪ್ರವಾಸೋದ್ಯಮ ಒಂದು ದಿನವೂ ನಡೆಯದು. ಆದರೆ ಇಲಾಖೆಯ ಪಟ್ಟಿಯಲ್ಲಿ ಅವರಿಲ್ಲ. ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಡುವ ಸ್ವನಿಧಿ ಯೋಜನೆ 2020ರಲ್ಲೇ ಬಂದಿತ್ತು. ಆಗ ಅದು ಪಟ್ಟಣಗಳಿಗೆ ಮಾತ್ರ ಇತ್ತು. ಪಕ್ಕದ ಕಮಲಾಪುರ ಪಟ್ಟಣ ಪಂಚಾಯಿತಿ, ಹಂಪಿ ಗ್ರಾಮ ಪಂಚಾಯಿತಿ. ನಡುವಿನ ದಾರಿ ನಾಲ್ಕು ಕಿಲೋಮೀಟರ್. ವಿಶ್ವ ಪರಂಪರೆಯ ತಾಣದಲ್ಲಿ ಅಂಗಡಿ ಇಟ್ಟವಳು ಹಳ್ಳಿಯವಳೆಂಬ ಕಾರಣಕ್ಕೆ ಹೊರಗುಳಿದದ್ದು ಅನ್ಯಾಯವೆಂದೇ ನಾನು ಹೇಳುತ್ತೇನೆ.

2021ರ ಅದೇ ಜೂನ್ 28ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪರವಾನಗಿ ಹೊಂದಿದ ಗೈಡ್‌ಗಳಿಗೆ ಒಂದು ಲಕ್ಷ, ಪ್ರವಾಸಿ ಏಜೆನ್ಸಿಗಳಿಗೆ ಹತ್ತು ಲಕ್ಷದವರೆಗೆ ಸಾಲ ಘೋಷಿಸಿದರು. ಅಡಮಾನ ಬೇಡ, ಸರ್ಕಾರದ್ದೇ ಪೂರ್ತಿ ಖಾತರಿ. ಖಾತರಿ ಎಂದರೆ ನಾನು ಕಟ್ಟದಿದ್ದರೆ ಸರ್ಕಾರ ಬ್ಯಾಂಕಿಗೆ ತುಂಬಿಕೊಡುತ್ತದೆ, ನನ್ನ ಸಾಲ ನನ್ನ ಹೆಸರಲ್ಲೇ ಇರುತ್ತದೆ. ಆದರೂ ಬ್ಯಾಂಕಿಗೆ ವಿಚಾರಿಸಲು ಹೋದೆ. ಮೂರು ವರ್ಷದ ಆದಾಯದ ದಾಖಲೆ ಕೇಳಿದರು. ಕೈಗೆ ಬಂದ ನಗದಿಗೆ ಎಂದೂ ಲೆಕ್ಕ ಬರೆದಿಟ್ಟವನಲ್ಲ. ಬರಿಗೈಲಿ ವಾಪಸು ಬಂದೆ. ಈಗ ಪ್ರತಿ ಪ್ರವಾಸಿಯ ಹಣ ಫೋನಿನ ಮೂಲಕವೇ ಖಾತೆಗೆ ಹೋಗುತ್ತದೆ, ಮನೆಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವೂ ಇದೆ.

ಐದು ಲಕ್ಷ ವಿದೇಶಿಯರಿಗೆ ಉಚಿತ ವೀಸಾ ಎಂಬ ಘೋಷಣೆಯೂ ಆ ಜೂನ್ 28ರಂದೇ ಆಗಿತ್ತು. ನಮಗೆಲ್ಲ ಅದರ ಮೇಲೇ ಆಸೆ. ಅದರ ಗಡುವು 2022ರ ಮಾರ್ಚ್ 31. ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಶುರುವಾದದ್ದು ಅದೇ ಮಾರ್ಚ್ 27ರಂದು. ಅಲ್ಲಿವರೆಗೆ ಸೀಮಿತ ವಿಮಾನಗಳಷ್ಟೇ ಇದ್ದವು. ಆ ಸೀಸನ್ನೂ ಹಾಗೆಯೇ ಹೋಯಿತು.

ಕಷ್ಟ ಬಂದ ಮೇಲೆ ಪಟ್ಟಿ ಮಾಡಲು ಹೊರಟರೆ ಹಸಿದವರನ್ನು ಸಾಲಿನಲ್ಲಿ ನಿಲ್ಲಿಸಿದಂತೆ. ಹಂಪಿ, ಬಾದಾಮಿ, ಬೇಲೂರು, ಎಲ್ಲೇ ಆಗಲಿ, ಪ್ರವಾಸಿಗರನ್ನೇ ನಂಬಿ ಬದುಕುವ ಪ್ರತಿಯೊಬ್ಬರ ಹೆಸರನ್ನೂ ಪಂಚಾಯಿತಿ ಮತ್ತು ಇಲಾಖೆ ಕೂಡಿ ಈಗಲೇ, ಜನ ಬರುತ್ತಿರುವಾಗಲೇ ಬರೆದಿಟ್ಟುಕೊಳ್ಳಲಿ. ಗೈಡ್ ಮಿತ್ರರೇ, ನಿಮ್ಮ ಚೀಟಿಯ ಅವಧಿ ಎಂದಿಗೆ ಮುಗಿಯುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ಹಾಗೆಯೇ ನಿಮ್ಮ ಜೊತೆ ದುಡಿಯುವ ಹರಿಗೋಲಿನವನನ್ನೂ ಒಂದು ದಿನ ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋಗಿ.