ಕೀಳುವ ಮೊದಲೇ ಗಿರಾಕಿ: ನೇರ ವಿಡಿಯೋ ಮಾರಾಟದ ಏರ್ಪಾಡು



ಅವರೆಕಾಯಿಯ ಕಾಲ ಬಂದಿತೆಂದರೆ ಬೆಳೆದವನಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ದಿಗಿಲು. ಗಿಡದಲ್ಲಿರುವವರೆಗೆ ಕಾಯಿ ರೈತನ ಕೈಯಲ್ಲಿರುವುದು. ಕಿತ್ತು ಚೀಲಕ್ಕೆ ತುಂಬಿದ ಮೇಲೆ ಗಳಿಗೆ ಗಳಿಗೆಗೂ ಬೆಲೆ ಇಳಿಯುವುದು. ಸಿಪ್ಪೆ ಬಾಡುತ್ತದೆ, ಕಪ್ಪಾಗುತ್ತದೆ, ಸೊಗಡು ಹೋಗುತ್ತದೆ. ಇದು ಕೊಳ್ಳುವ ವರ್ತಕನಿಗೂ ಚೆನ್ನಾಗಿ ಗೊತ್ತು. ಆದುದರಿಂದ ಚೀಲ ಇಳಿಸಿದ ಮೇಲೆ ಅವನು ಹೇಳಿದ್ದೇ ಬೆಲೆ. ಇಳಿಸಿದ ಚೀಲವನ್ನು ಊರಿಗೆ ಹೊತ್ತು ತರುವ ರೈತ ಯಾರು?

ಕಾಯಿ ಇನ್ನೂ ಗಿಡದಲ್ಲಿರುವಾಗಲೇ ಬೆಲೆ ಗೊತ್ತಾಗಿ, ಗಿರಾಕಿ ಗೊತ್ತಾಗಿ, ಬೇಕಾದಷ್ಟನ್ನು ಮಾತ್ರ ಕೀಳುವಂತಿದ್ದರೆ ಈ ದಿಗಿಲು ಬಹುಮಟ್ಟಿಗೆ ತಪ್ಪುವುದು. ಅದಕ್ಕೆ ಇಂದು ಒಂದು ದಾರಿಯಿದೆ. ಅದೇ ನೇರ ವಿಡಿಯೋ ಮಾರಾಟ. ಅದರ ತಂತ್ರಾಂಶವನ್ನು ಹೂಡುವ ಕ್ರಮವನ್ನೂ, ಅದರಲ್ಲಿ ಲಾಭ ನಷ್ಟ ಹೇಗೆಂಬುದನ್ನೂ ಈ ಪಾಠದಲ್ಲಿ ತಿಳಿಯೋಣ.

ನೇರ ವಿಡಿಯೋ ಮಾರಾಟವೆಂದರೇನು?

ಮಾರುವವನು ತನ್ನ ಹೊಲದಲ್ಲೋ ಅಂಗಳದಲ್ಲೋ ಕ್ಯಾಮರಾದ ಮುಂದೆ ನಿಂತು ಮಾಲನ್ನು ತೋರಿಸುತ್ತಾನೆ. ದೂರದ ಮನೆಗಳಲ್ಲಿ ಜನ ಫೋನಿನಲ್ಲಿ ಅದನ್ನು ಆಗಲೇ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಬೇಕಾದವರು ಬರೆದು ತಿಳಿಸುತ್ತಾರೆ. ಸಂತೆಯಲ್ಲಿ ಆಗುವ ಮಾತುಕತೆಯೇ ಇಲ್ಲಿಯೂ ಆಗುವುದು. ಕೈಯಿಂದ ಮುಟ್ಟಿ, ಮೂಸಿ ನೋಡಲಾಗದು ಎಂಬುದಷ್ಟೇ ವ್ಯತ್ಯಾಸ.

ಚೀನಾ ದೇಶದಲ್ಲಿ ತಾವೊಬಾವೊ ಎಂಬ ಮಾರಾಟ ಜಾಲವು ೨೦೧೬ರಲ್ಲಿ ಈ ಪದ್ಧತಿಯನ್ನು ಪ್ರಾರಂಭಿಸಿತು. ಅಲ್ಲಿನ ಹಳ್ಳಿಗಳ ರೈತರು ಹಣ್ಣು, ಅಣಬೆಗಳನ್ನು ಹೀಗೆ ಮಾರುತ್ತಾರೆ. ನಮ್ಮಲ್ಲಿ ೨೦೨೦ರ ಲಾಕ್‌ಡೌನ್ ಕಾಲದಲ್ಲಿ, ಮಾರುಕಟ್ಟೆಗೆ ಹೋಗುವ ದಾರಿ ಕಟ್ಟಿಹೋದಾಗ, ಅನೇಕ ರೈತರು ಫೋನಿನ ವಿಡಿಯೋ ಮೂಲಕ ತಮ್ಮ ಬೆಳೆಯನ್ನು ಜನರಿಗೆ ತೋರಿಸಿದರು. ಹಿರಿಯೂರು ತಾಲ್ಲೂಕಿನ ರೈತ ಮಹಿಳೆಯೊಬ್ಬರು ತಮ್ಮ ಈರುಳ್ಳಿಯ ಕಷ್ಟವನ್ನು ವಿಡಿಯೋದಲ್ಲಿ ಹೇಳಿಕೊಂಡಾಗ ಅದು ಮುಖ್ಯಮಂತ್ರಿಗಳವರೆಗೂ ಮುಟ್ಟಿತು.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ೨೦೨೦ರ ಜೂನ್ ತಿಂಗಳಲ್ಲಿ ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷೇಧವಾಯಿತು. ಫೇಸ್‌ಬುಕ್ಕು ತನ್ನ ನೇರ ಮಾರಾಟದ ವಿಶೇಷ ಸೌಲಭ್ಯವನ್ನು ೨೦೨೨ರ ಅಕ್ಟೋಬರಿನಲ್ಲಿ ಮುಚ್ಚಿತು. ಇಂಥ ಜಾಲಗಳು ಪರರ ಜಗಲಿ ಇದ್ದಂತೆ. ಕೂರಲು ಸಿಕ್ಕಷ್ಟು ದಿನ ಕೂರಬಹುದು. ಆದುದರಿಂದ ಗಿರಾಕಿಗಳ ಹೆಸರು, ಫೋನ್ ಸಂಖ್ಯೆಗಳನ್ನು ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದಿಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಗಿರಾಕಿ ಎಲ್ಲಿರುವನು?

ಬೆಂಗಳೂರಿನ ಶ್ರೀರಾಂಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಲ್ಲೇಶ್ವರಕ್ಕೂ ರಾಜಾಜಿನಗರಕ್ಕೂ ನಡುವೆ ಇರುವ ಈ ಬಡಾವಣೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಬೀದಿಗಳು ಕಿರಿದು. ೨೦೧೪ರಿಂದ ಇಲ್ಲಿ ಮೆಟ್ರೋ ರೈಲು ನಿಲ್ದಾಣವೂ ಇದೆ. ಅವರೆಕಾಯಿಗೆ ಹೆಸರಾದ ಮಾಗಡಿ ಇಲ್ಲಿಗೆ ಸುಮಾರು ೫೦ ಕಿಲೋಮೀಟರು.

ಊರೆಲ್ಲಾ ಚದರಿದ ನೂರು ಗಿರಾಕಿಗಳಿಗಿಂತ ಒಂದೇ ಬಡಾವಣೆಯ ಎಪ್ಪತ್ತು ಮನೆಗಳು ಮೇಲು. ಏಕೆಂದರೆ ನೂರು ಕಡೆಗೆ ಗಾಡಿ ಸುತ್ತಿದರೆ ಲಾಭವೆಲ್ಲ ಬಾಡಿಗೆಗೇ ಹೋಗುವುದು. ಒಂದು ಬಡಾವಣೆಯಾದರೆ ಗಾಡಿಯನ್ನು ಗೊತ್ತಾದ ಒಂದೇ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ನಿಲ್ಲಿಸಬಹುದು. ಮನೆಯವರು ಚೀಲ ಹಿಡಿದು ಬಂದು ಒಯ್ಯುವರು. ಕಿರಿದಾದ ಬೀದಿಗಳೊಳಗೆ ಗಾಡಿ ನುಗ್ಗಿಸುವ ಕಷ್ಟವೂ ಇಲ್ಲ. ಶ್ರೀರಾಂಪುರದಲ್ಲಿ ನಿಮ್ಮ ಊರಿನವರೋ ನಂಟರೋ ಇದ್ದರೆ ಅವರಿಂದಲೇ ಪ್ರಾರಂಭಿಸಿ. ಅವರು ತಮ್ಮ ಬೀದಿಯ ಹತ್ತು ಮನೆಗೆ ಹೇಳುವರು.

ಬೇಕಾದ ಸಾಮಗ್ರಿ

ಒಂದು ಸ್ಮಾರ್ಟ್‌ಫೋನು, ಅದನ್ನು ಅಲುಗದಂತೆ ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು, ಮುದ್ರೆಯಾದ ತಕ್ಕಡಿ, ಒಂದು ನೋಟ್ ಪುಸ್ತಕ. ಇಷ್ಟಿದ್ದರೆ ಫೋನಿನಿಂದಲೇ ಪ್ರಸಾರ ಮಾಡಬಹುದು. ಆದರೆ ಯೂಟ್ಯೂಬಿನಲ್ಲಿ ಫೋನಿನಿಂದ ನೇರ ಪ್ರಸಾರ ಮಾಡಲು ನಿಮ್ಮ ಚಾನೆಲಿಗೆ ಕನಿಷ್ಠ ೫೦ ಮಂದಿ ಚಂದಾದಾರರು ಇರಬೇಕು.

ಪರದೆಯ ಮೇಲೆ ಬೆಲೆ, ಫೋನ್ ಸಂಖ್ಯೆ ಕಾಣುವಂತೆ ಮಾಡಬೇಕಾದರೆ, ಎರಡು ಕ್ಯಾಮರಾ ಬಳಸಬೇಕಾದರೆ, ಒಂದು ಕಂಪ್ಯೂಟರೂ ಪ್ರಸಾರದ ತಂತ್ರಾಂಶವೂ ಬೇಕು. ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ. ಅದರ ಮೂಲವೂ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುವುದು. ಊರಿನ ಓದಿದ ಹುಡುಗ ಹುಡುಗಿಯರ ಸಹಾಯ ಪಡೆಯಿರಿ.

ತಂತ್ರಾಂಶ ಹೂಡುವ ಕ್ರಮ

೧. ಮೊದಲು ಯೂಟ್ಯೂಬಿನಲ್ಲಿ ನಿಮ್ಮ ಹೆಸರಿನ ಚಾನೆಲ್ ತೆರೆದು, ಫೋನ್ ಸಂಖ್ಯೆಯನ್ನು ದೃಢಪಡಿಸಿ, ನೇರ ಪ್ರಸಾರಕ್ಕೆ ಅನುಮತಿ ಕೇಳಿ. ಮೊದಲ ಸಲ ಅನುಮತಿ ಬರಲು ೨೪ ಗಂಟೆಯವರೆಗೆ ಹಿಡಿಯಬಹುದು. ಆದುದರಿಂದ ಮಾರಾಟದ ದಿನವೇ ಈ ಕೆಲಸಕ್ಕೆ ಕೈಹಾಕಬಾರದು.

೨. ಒಬಿಎಸ್ ತಂತ್ರಾಂಶವನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಕಂಡ ಕಂಡ ಕೊಂಡಿಗಳನ್ನು ಒತ್ತಬೇಡಿ.

೩. ತಂತ್ರಾಂಶವನ್ನು ತೆರೆದಾಗ ಕೆಳಗಡೆ ‘ಸೀನ್ಸ್’, ‘ಸೋರ್ಸಸ್’ ಎಂಬ ಎರಡು ಪೆಟ್ಟಿಗೆಗಳು ಕಾಣುವುವು. ಸೀನ್ ಎಂದರೆ ನಾಟಕದ ದೃಶ್ಯವಿದ್ದಂತೆ. ಸೋರ್ಸ್ ಎಂದರೆ ಆ ದೃಶ್ಯದಲ್ಲಿ ಬರುವ ಪಾತ್ರ, ಪರಿಕರಗಳು. ‘ಅವರೆಕಾಯಿ’ ಎಂದು ಒಂದು ಸೀನ್ ಮಾಡಿ. ಅದರಲ್ಲಿ ಕೂಡಿಸುವ ಗುರುತನ್ನು ಒತ್ತಿ ಕ್ಯಾಮರಾವನ್ನು ಸೇರಿಸಿ. ಕೆಲವು ಹೊಸ ಆಂಡ್ರಾಯ್ಡ್ ಫೋನುಗಳನ್ನು ತಂತಿಯಿಂದ ಜೋಡಿಸಿದರೆ ಅವೇ ಕ್ಯಾಮರಾ ಆಗುವುವು. ಆಮೇಲೆ ‘ಟೆಕ್ಸ್ಟ್’ ಸೇರಿಸಿ ಬೆಲೆ, ತೂಕ, ಗಾಡಿ ಬರುವ ಹೊತ್ತು ಇವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

೪. ‘ಸೆಟ್ಟಿಂಗ್ಸ್’ ತೆರೆದು ‘ಸ್ಟ್ರೀಮ್’ ಎಂಬಲ್ಲಿ ಯೂಟ್ಯೂಬನ್ನು ಆರಿಸಿ. ಯೂಟ್ಯೂಬು ಕೊಡುವ ‘ಸ್ಟ್ರೀಮ್ ಕೀ’ ಎಂಬ ಗುಪ್ತ ಅಕ್ಷರಗಳನ್ನು ಅಲ್ಲಿ ಹಾಕಿ. ಇದು ಕಣಜದ ಬೀಗದ ಕೈ ಇದ್ದಂತೆ. ಇದು ಸಿಕ್ಕಿದವರು ನಿಮ್ಮ ಚಾನೆಲಿನಲ್ಲಿ ತಮ್ಮ ಚಿತ್ರ ಹಾಕಬಲ್ಲರು. ಯಾರಿಗಾದರೂ ತಿಳಿದುಹೋಯಿತೆಂದು ಅನುಮಾನ ಬಂದರೆ ಯೂಟ್ಯೂಬಿನಲ್ಲಿ ಅದನ್ನು ಕೂಡಲೇ ಬದಲಾಯಿಸಬೇಕು.

೫. ‘ವಿಡಿಯೋ’ ಎಂಬಲ್ಲಿ ಅಳತೆಯನ್ನು ೧೨೮೦ ಕ್ಕೆ ೭೨೦, ಸೆಕೆಂಡಿಗೆ ೩೦ ಚಿತ್ರ ಎಂದಿಡಿ. ‘ಔಟ್‌ಪುಟ್’ ಎಂಬಲ್ಲಿ ಚಿತ್ರದ ಬಿಟ್‌ರೇಟ್ ೨,೫೦೦, ಧ್ವನಿಯದು ೧೨೮ ಎಂದಿಡಿ. ಕೀಫ್ರೇಮ್ ಅಂತರ ೨ ಸೆಕೆಂಡು ಇರಲಿ.

೬. ನಿಮ್ಮ ಇಂಟರ್ನೆಟ್ಟು ಮೇಲಕ್ಕೆ ಕಳುಹಿಸುವ ವೇಗವನ್ನು ಪರೀಕ್ಷಿಸಿ. ಕಾಲುವೆಯಲ್ಲಿ ಹರಿಯುವ ನೀರಿಗಿಂತ ಕಾಲುವೆ ಅಗಲವಾಗಿರಬೇಕಷ್ಟೆ? ಹಾಗೆಯೇ ವೇಗವು ಬಿಟ್‌ರೇಟಿನ ಎರಡರಷ್ಟು, ಎಂದರೆ ಸುಮಾರು ೫ ಮೆಗಾಬಿಟ್ ಇರುವುದು ಕ್ಷೇಮ. ಅಷ್ಟಿಲ್ಲದಿದ್ದರೆ ಚಿತ್ರದ ಅಳತೆಯನ್ನೂ ಬಿಟ್‌ರೇಟನ್ನೂ ಇಳಿಸಿ. ಚಿತ್ರ ತುಸು ಮಂಕಾದರೂ ಚಿಂತೆಯಿಲ್ಲ, ಮಾತು ಕಡಿಯಬಾರದು.

೭. ಹಿಂದಿನ ದಿನವೇ ಪ್ರಸಾರವನ್ನು ‘ಪ್ರೈವೇಟ್’ ಎಂದಿಟ್ಟು ಹತ್ತು ನಿಮಿಷ ನಡೆಸಿ ನೋಡಿ. ಇಂಥ ಪ್ರಸಾರ ಹೊರಗಿನವರಿಗೆ ಕಾಣದು. ಧ್ವನಿ ಸರಿಯಾಗಿದೆಯೇ, ಅಕ್ಷರ ಓದಲು ಬರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಡೇಟಾ ಖರ್ಚಿನ ಲೆಕ್ಕವೂ ತಿಳಿದಿರಲಿ. ಮೇಲೆ ಹೇಳಿದ ಬಿಟ್‌ರೇಟಿನಲ್ಲಿ ಒಂದು ಗಂಟೆಗೆ ಸುಮಾರು ೧.೨ ಜಿ.ಬಿ. ಖರ್ಚಾಗುವುದು. ದಿನಕ್ಕೆ ಒಂದೂವರೆ ಜಿ.ಬಿ. ಸಿಗುವ ಫೋನಾದರೆ ಪ್ರಸಾರವನ್ನು ಮುಕ್ಕಾಲು ಗಂಟೆಗೆ ಮುಗಿಸುವುದು ಒಳ್ಳೆಯದು. ನೋಡುವವರ ತಾಳ್ಮೆಗೂ ಅಷ್ಟೇ ಸಾಕು.

ಪ್ರಸಾರದ ಹೊತ್ತಿನಲ್ಲಿ

ಗಿರಾಕಿ ಮೂಸಿ ನೋಡಲಾರನಷ್ಟೆ. ಆದುದರಿಂದ ಅವನ ಕಣ್ಣಿಗೆ ಎಲ್ಲವನ್ನೂ ತೋರಿಸಬೇಕು. ಗಿಡದಿಂದ ಈಗ ತಾನೇ ಕಿತ್ತ ಕಾಯಿಯನ್ನು ಕ್ಯಾಮರಾದ ಹತ್ತಿರ ಹಿಡಿದು ಸುಲಿಯಿರಿ. ಕಾಳು ತುಂಬಿದೆಯೇ, ಎಳೆಯದೇ, ಹುಳು ಇದೆಯೇ ಎಂಬುದು ಕಾಣಲಿ. ಹುಳು ಬಿದ್ದ ಕಾಯಿ ಸಿಕ್ಕಿದರೆ ಅಡಗಿಸಬೇಡಿ. ತೋರಿಸಿ ಪಕ್ಕಕ್ಕೆ ಹಾಕಿರಿ. ಇದನ್ನು ಕಂಡ ಗಿರಾಕಿಗೆ ಬರುವ ನಂಬಿಕೆ ಹತ್ತು ಹೊಗಳಿಕೆಯ ಮಾತಿನಿಂದ ಬಾರದು. ತಕ್ಕಡಿಯನ್ನು ಬರಿದಾಗಿ ತೋರಿಸಿ ಆಮೇಲೆ ತೂಗಿರಿ. ಒಂದು ಕಿಲೋ ಕಾಯಿ ಸುಲಿದರೆ ಎಷ್ಟು ಕಾಳು ಬರುತ್ತದೆಂಬುದನ್ನು ಅವರೆದುರಿಗೇ ಸುಲಿದು ತೂಗಿ ಹೇಳಿದರೆ ಮನೆಯ ಹೆಣ್ಣುಮಕ್ಕಳಿಗೆ ಅಳತೆ ಸಿಗುವುದು.

ನೀವು ಆಡಿದ ಮಾತು ಅವರಿಗೆ ಮುಟ್ಟಲು ಹಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಡವಾಗುವುದು. ಉತ್ತರ ಬರಲಿಲ್ಲವೆಂದು ಅವಸರಪಡದೆ ಮಾತು ಮುಂದುವರಿಸಿ. ಮಾತಾಡಲು ಒಬ್ಬರು, ಬರೆದುಕೊಳ್ಳಲು ಒಬ್ಬರು ಇರಲೇಬೇಕು. ಬಂದ ಕೋರಿಕೆಗಳಿಗೆ ವರಸೆಯಾಗಿ ಸಂಖ್ಯೆ ಕೊಟ್ಟು ಗಟ್ಟಿಯಾಗಿ ಓದಿರಿ. ಇರುವ ಮಾಲಿಗಿಂತ ಹೆಚ್ಚು ಒಪ್ಪಿಕೊಳ್ಳುವ ತಪ್ಪು ಇದರಿಂದ ನಿಲ್ಲುವುದು. ವಿಳಾಸ, ಫೋನ್ ಸಂಖ್ಯೆಗಳನ್ನು ಎಲ್ಲರೂ ಓದುವ ಕಡೆ ಬರೆಯಬೇಡಿರೆಂದು ಗಿರಾಕಿಗಳಿಗೆ ಹೇಳಿ, ನಿಮ್ಮ ವಾಟ್ಸಾಪ್ ಸಂಖ್ಯೆಗೆ ಕಳುಹಿಸಲು ತಿಳಿಸಿ. ಸಿನಿಮಾ ಹಾಡನ್ನು ಹಿನ್ನೆಲೆಯಲ್ಲಿ ಹಾಕಬಾರದು. ಹಾಡಿನ ಹಕ್ಕುದಾರರ ಕಾರಣದಿಂದ ಪ್ರಸಾರವೇ ನಿಂತುಹೋಗಬಹುದು.

ಪ್ರಸಾರವನ್ನು ಸಂಜೆ ಇಟ್ಟುಕೊಳ್ಳಿ. ರಾತ್ರಿ ಲೆಕ್ಕ ಕೂಡಿಸಿ, ಕೋರಿಕೆ ಬಂದಷ್ಟನ್ನೇ ಮರುದಿನ ನಸುಕಿನಲ್ಲಿ ಕಿತ್ತು ಗಾಡಿಗೆ ಏರಿಸಿ. ಉಳಿದುದು ಗಿಡದಲ್ಲೇ ಇರಲಿ.

ಹಣದ ವಿಷಯದಲ್ಲಿ ಎಚ್ಚರ

ಹಣವನ್ನು ಯುಪಿಐ ಮೂಲಕ ಪಡೆಯಬಹುದು. ಕ್ಯೂಆರ್ ಚಿತ್ರವನ್ನು ಪರದೆಯ ಮೇಲೆ ಹಾಕಿದರೆ ಸಾಲದು. ಗಿರಾಕಿ ಯಾವ ಫೋನಿನಲ್ಲಿ ನೋಡುತ್ತಿದ್ದಾನೋ ಅದೇ ಫೋನಿನ ಕ್ಯಾಮರಾದಿಂದ ಆ ಚಿತ್ರವನ್ನು ಹಿಡಿಯಲಾಗದು. ಆದುದರಿಂದ ಯುಪಿಐ ವಿಳಾಸವನ್ನು ವಾಟ್ಸಾಪಿನಲ್ಲಿಯೂ ಕಳುಹಿಸಬೇಕು. ಹಣ ಕಟ್ಟಿದೆನೆಂದು ಕಳುಹಿಸುವ ಚಿತ್ರವನ್ನು ನಂಬಬೇಡಿ. ನಿಮ್ಮ ಖಾತೆಗೆ ಬಂದಿದೆಯೇ ಎಂದು ನೋಡಿ. ಹಣ ಪಡೆಯಲು ಪಿನ್ ಸಂಖ್ಯೆ ಹಾಕಬೇಕಾಗಿಲ್ಲವೆಂಬುದನ್ನು ಮನೆಮಂದಿಗೆಲ್ಲ ತಿಳಿಸಿ. ಪಿನ್ ಹಾಕಿರೆಂದು ಯಾರಾದರೂ ಹೇಳಿದರೆ ಅವನು ಕೊಡಲು ಬಂದವನಲ್ಲ, ಕೀಳಲು ಬಂದವನು. ಮೋಸವಾದರೆ ತಡಮಾಡದೆ ೧೯೩೦ ಸಂಖ್ಯೆಗೆ ದೂರು ಕೊಡಬೇಕು.

ಉಪ್ಪಿನಕಾಯಿ, ಹುಡಿ, ಹುರಿದ ಕಾಳು ಮುಂತಾದ ತಯಾರಿಸಿದ ಆಹಾರ ಮಾರುವುದಾದರೆ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಬೇಕಾಗುವುದು. ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಲಾಭ ಎಷ್ಟು ತೂಕದಿಂದ ಪ್ರಾರಂಭ?

ಒಂದು ಲೆಕ್ಕ ಮಾಡೋಣ. ಊರಿನಲ್ಲಿ ವರ್ತಕ ಕಿಲೋಗೆ ೪೦ ರೂಪಾಯಿ ಕೊಡುವನೆಂದೂ, ಶ್ರೀರಾಂಪುರದ ಮನೆಯವರು ೫೫ ರೂಪಾಯಿ ಕೊಡುವರೆಂದೂ ಇಟ್ಟುಕೊಳ್ಳಿ. ಹೆಚ್ಚು ಬಂದುದು ೧೫. ಚೀಲದ ಖರ್ಚು ೧ ಕಳೆದರೆ ೧೪. ಗಾಡಿಯ ಬಾಡಿಗೆ ಹೋಗಿ ಬರಲು ೨,೧೦೦ ಎಂದಿಟ್ಟುಕೊಂಡರೆ, ಅದನ್ನು ೧೪ರಿಂದ ಭಾಗಿಸಿದಾಗ ೧೫೦ ಬರುವುದು. ಎಂದರೆ ೧೫೦ ಕಿಲೋ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ೨೦೦ ಕಿಲೋ ಹೋದರೆ ೭೦೦ ರೂಪಾಯಿ ಹೆಚ್ಚುವರಿ. ೧೦೦ ಕಿಲೋ ಮಾತ್ರ ಹೋದರೆ ೭೦೦ ರೂಪಾಯಿ ಕೈಯಿಂದ ಹೋಯಿತು.

ನಿಮ್ಮ ಊರಿನ ಬೆಲೆ, ಬಾಡಿಗೆಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮಾಡಬೇಕು. ಬಂದ ಅಂಕಿಯೇ ನಿಮ್ಮ ಗಡಿ. ಕೋರಿಕೆ ಆ ಗಡಿ ಮುಟ್ಟದಿದ್ದರೆ ಗಾಡಿ ಹೊರಡದೆಂದು ಪ್ರಸಾರದಲ್ಲಿಯೇ ಹೇಳಿಬಿಡಿ. ಕಾಯಿಯಂತೂ ಗಿಡದಲ್ಲೇ ಇದೆ. ಅದನ್ನು ವರ್ತಕನಿಗೆ ಕೊಡುವ ದಾರಿ ಮುಚ್ಚಿಲ್ಲ.

ಈ ಲೆಕ್ಕದಿಂದ ಇನ್ನೊಂದು ಪಾಠ ದೊರೆಯುವುದು. ಒಬ್ಬನೇ ೧೫೦ ಕಿಲೋ ಮಾರುವುದು ಕಷ್ಟ. ಅಕ್ಕಪಕ್ಕದ ಮೂವರು ಕೂಡಿದರೆ ತಲೆಗೆ ೫೦ ಕಿಲೋ ಮಾತ್ರ. ೧೯೫೯ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕೂಡಿ ಕಟ್ಟಿದ ಸಹಕಾರ ಸಂಘವೇ ಮುಂದೆ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಳೆದವನ ಮಾಲು ನೇರವಾಗಿ ಉಣ್ಣುವವನ ಮನೆಗೆ ಮುಟ್ಟಬೇಕೆಂಬ ಆಸೆ ಅಂದಿನದೇ. ಕ್ಯಾಮರಾ ಒಂದೇ ಇರಲಿ, ಗಾಡಿ ಒಂದೇ ಇರಲಿ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಪ್ರತಿಯೊಬ್ಬರ ತೂಕ ಬೇರೆ ಬೇರೆಯಾಗಿ ಬರೆದಿರಲಿ. ಆಗ ಮನಸ್ತಾಪಕ್ಕೆ ಎಡೆಯಿರದು.

ಊರಿನಲ್ಲಿ ಕೂಡಿ ಚರ್ಚಿಸಲು ಪ್ರಶ್ನೆಗಳು

೧. ನಮ್ಮ ಊರಿನ ಯಾವ ಬೆಳೆಯನ್ನು ಕೋರಿಕೆ ಬಂದ ಮೇಲೆ ಕೀಳಬಹುದು? ಯಾವುದನ್ನು ಕಾಯಿಸಲು ಆಗದು?

೨. ನಮ್ಮವರು ಪಟ್ಟಣದ ಯಾವ ಬಡಾವಣೆಯಲ್ಲಿ ಹೆಚ್ಚಾಗಿದ್ದಾರೆ? ಅಲ್ಲಿ ಗಾಡಿ ನಿಲ್ಲಿಸಲು ಜಾಗ ಎಲ್ಲಿದೆ?

೩. ಊರಿನ ಯಾವ ಜಾಗದಲ್ಲಿ ಇಂಟರ್ನೆಟ್ಟಿನ ವೇಗ ೫ ಮೆಗಾಬಿಟ್ ಸಿಗುವುದು?

೪. ಗಾಡಿ ಹೊರಡಲು ನಮ್ಮ ಗಡಿ ಎಷ್ಟು ಕಿಲೋ?

ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಕ್ಯಾಮರಾ ಹಿಡಿಯಿರಿ. ಮೊದಲ ವಾರ ಇಪ್ಪತ್ತೇ ಮನೆ ನೋಡಿದರೂ ಚಿಂತೆಯಿಲ್ಲ. ತೋರಿಸಿದ ಕಾಯಿಯನ್ನೇ, ಹೇಳಿದ ತೂಕದಲ್ಲೇ, ಹೇಳಿದ ಹೊತ್ತಿಗೆ ಮುಟ್ಟಿಸಿದರೆ, ಆ ಇಪ್ಪತ್ತು ಮನೆಯವರೇ ಮುಂದಿನ ವಾರ ನೆರೆಯವರನ್ನು ಕರೆತರುವರು.