ಕಾವಲಿ ಮುಂದೆ ನಿಲ್ಲುವ ಕಾಲು

ದರ್ಶಿನಿಯಲ್ಲಿ ಗಿರಾಕಿ ಹತ್ತು ನಿಮಿಷ ನಿಲ್ಲುತ್ತಾನೆ. ಅವನಿಗೆ ದೋಸೆ ಹುಯ್ಯುವವನು ಬೆಳಗಿನ ಆರರಿಂದ ಹನ್ನೊಂದರ ತನಕ ನಿಂತು, ಊಟ ಮಾಡಿ ಸ್ವಲ್ಪ ಮಲಗಿ, ಮತ್ತೆ ಸಂಜೆ ನಾಲ್ಕಕ್ಕೆ ಕಾವಲಿ ಮುಂದೆ ಬಂದರೆ ಮುಗಿಯುವುದು ರಾತ್ರಿ ಹತ್ತಕ್ಕೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ ಬೆಂಗಳೂರಿಗೆ ನಿಂತು ತಿನ್ನುವ ಅಭ್ಯಾಸ ಹತ್ತಿತು ಅನ್ನುತ್ತಾರೆ. ಕುರ್ಚಿ ಹೋದದ್ದು ಗಿರಾಕಿಗೆ ಮಾತ್ರ ಹೊಸದು. ಒಳಗಿದ್ದವರಿಗೆ ಅದು ಮೊದಲೂ ಇರಲಿಲ್ಲ.

ನಾನು ಕುಂದಾಪುರದ ಕಡೆಯವನು. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ವರ್ಷಗಟ್ಟಲೆ ದೋಸೆ ಹುಯ್ದು, ಈಗ ಒಂದು ಹೋಟೆಲಿನ ಅಡುಗೆಮನೆ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಹೊಸ ಹುಡುಗರಿಗೆ ಟೋಪಿ, ಏಪ್ರನ್ ಕೊಡುವುದರ ಜೊತೆಗೆ ಕಾಲಿಗೆ ಹಾಕಿಕೊಳ್ಳುವುದನ್ನು ಕೊಡಿಸುವುದೂ ನನ್ನ ಪಾಲಿಗೇ ಬಂದಿದೆ. ಅಂಗಡಿಗೆ ಕರೆದುಕೊಂಡು ಹೋದರೆ ಎಲ್ಲರೂ ಮೊದಲು ಮಾಡುವುದು ಒಂದೇ. ಶೂ ಒಳಗೆ ಹೆಬ್ಬೆರಳು ಒತ್ತಿ ನೋಡಿ, “ಮೆತ್ತಗಿದೆ ಅಣ್ಣ, ಇದೇ ಇರಲಿ” ಅನ್ನುವುದು. ನಾನು ಕೇಳುವ ಪ್ರಶ್ನೆ ಬೇರೆ: ಇದರ ಮೇಲೆ ಕುದಿಯುವ ಸಾಂಬಾರು ಬಿದ್ದರೆ ಎಷ್ಟು ಹೊತ್ತಿನಲ್ಲಿ ಬಿಚ್ಚುತ್ತೀಯ?

ತಮಾಷೆಗೆ ಕೇಳುವುದಲ್ಲ. ಹಿಂದೆ ಕೆಲಸಕ್ಕಿದ್ದ ಕಡೆ ಇಬ್ಬರು ಸಾಂಬಾರಿನ ಕೊಳದಪ್ಪಲೆ ಇಳಿಸುವಾಗ ಒಬ್ಬನ ಕೈಯಲ್ಲಿದ್ದ ಮಸಿಬಟ್ಟೆ ಜಾರಿತು. ಅವನು ಹಾಕಿದ್ದು ಜಾಲರಿ ಬಟ್ಟೆಯ ಸ್ಪೋರ್ಟ್ಸ್ ಶೂ, ಚೆನ್ನಾಗಿಯೇ ಇತ್ತು, ದುಡ್ಡು ಕೊಟ್ಟು ತಂದದ್ದು. ಬರಿಗಾಲಾಗಿದ್ದರೆ ಸಾಂಬಾರು ಹರಿದು ಹೋಗುತ್ತಿತ್ತು. ಇಲ್ಲಿ ಅದು ಜಾಲರಿಯಲ್ಲಿ ಇಳಿದು, ಕಾಲ್ಚೀಲ ನೆನೆದು, ಬೇಳೆಯ ಸಮೇತ ಪಾದಕ್ಕೆ ಅಂಟಿ ನಿಂತಿತು. ಲೇಸಿನ ಗಂಟು ಒದ್ದೆಯಾಗಿ ಬಿಗಿದಿತ್ತು. ತರಕಾರಿ ಕತ್ತರಿಸುವ ಚಾಕುವಿನಲ್ಲಿ ಲೇಸು ಕೊಯ್ದು, ಕಾಲನ್ನು ನಲ್ಲಿ ಕೆಳಗೆ ಹಿಡಿದೆವು. ಒಬ್ಬರು ಇಡ್ಲಿ ಹಿಟ್ಟು ಹಚ್ಚಿ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ತಂದರು. ಎರಡೂ ಬೇಡ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಅಷ್ಟೇ. ಚರ್ಮಕ್ಕೆ ಹತ್ತಿಕೊಂಡ ಕಾಲ್ಚೀಲವನ್ನು ಎಳೆಯಲೂಬಾರದು. ಸುತ್ತ ಕತ್ತರಿಸಿ, ಅಂಟಿದ್ದನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂದಿನಿಂದ ಒಲೆ ಹತ್ತಿರ ಹೋಗುವವರಿಗೆ ಲೇಸು ಇಲ್ಲ, ಜಾಲರಿ ಇಲ್ಲ. ಮೇಲ್ಭಾಗ ಪೂರ್ತಿ ಮುಚ್ಚಿರಬೇಕು, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ತುಳಿದು ಒದರಿದರೆ ಕಳಚಿ ಬೀಳಬೇಕು. ಕ್ರಾಕ್ಸ್ ನಮೂನೆಯದನ್ನು ಹುಡುಗರು ಇಷ್ಟಪಡುತ್ತಾರೆ, ಹಗುರ, ತೊಳೆಯಲು ಸುಲಭ. ಆದರೆ ಮೇಲೆ ತೂತುಗಳಿರುವುದು ಅಡುಗೆಮನೆಗೆ ಆಗದು. ಅದೇ ಆಕಾರದಲ್ಲಿ ತೂತಿಲ್ಲದ್ದು ಸಿಗುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಬೇಕು. ಪಾತ್ರೆ ತೊಳೆಯುವವರಿಗೆ ಗಮ್ ಬೂಟೇ ಸರಿ. ಪ್ಯಾಂಟನ್ನು ಬೂಟಿನೊಳಗೆ ತುರುಕಿದರೆ ಮೇಲಿಂದ ಬಿದ್ದ ಬಿಸಿನೀರು ನೇರ ಬೂಟಿನೊಳಗೇ ಇಳಿಯುತ್ತದೆ. ಪ್ಯಾಂಟು ಬೂಟಿನ ಹೊರಗಿರಲಿ.

ಇನ್ನು ನೆಲ. ಹೋಟೆಲಿನ ಒಳಗೆ ಕಡಪ ಕಲ್ಲೋ ಗ್ರಾನೈಟೋ ಟೈಲ್ಸೋ ಏನೇ ಇರಲಿ, ಮೇಲೆ ನೀರು, ಎಣ್ಣೆ, ಹಿಟ್ಟು ಮೂರೂ ಇರುತ್ತವೆ. ಹವಾಯಿ ಚಪ್ಪಲಿಯಲ್ಲಿ ಜಾರುವುದು ಎರಡು ಕಡೆ: ಚಪ್ಪಲಿ ನೆಲದ ಮೇಲೆ, ಒದ್ದೆ ಕಾಲು ಚಪ್ಪಲಿಯ ಮೇಲೆ. ಹೆಜ್ಜೆ ಹೆಜ್ಜೆಗೂ ಕೊಳಕು ನೀರು ಬೆನ್ನತನಕ ಎಗರುವುದು ಬೇರೆ. “ಗ್ರಿಪ್ ಬೇಕು” ಅಂದರೆ ಅಂಗಡಿಯವರು ಬೆಟ್ಟ ಹತ್ತುವವರ ಬೂಟು ತೋರಿಸುತ್ತಾರೆ, ಅಡಿಯಲ್ಲಿ ದಪ್ಪ ದಪ್ಪ ಗುಬಟುಗಳಿರುವಂಥದ್ದು. ಮಣ್ಣಿನಲ್ಲಿ ಅವು ಕಚ್ಚಿ ಹಿಡಿಯುತ್ತವೆ, ನಿಜ. ನುಣುಪು ಕಲ್ಲಿನ ಮೇಲೆ ಕಚ್ಚಲು ಏನೂ ಇಲ್ಲ. ನೆಲ ಮುಟ್ಟುವ ಜಾಗವೇ ಕಡಿಮೆಯಾಗಿ ಇನ್ನೂ ಜಾರುತ್ತದೆ. ನಮಗೆ ಬೇಕಾದ್ದು ಅಡಿ ಚಪ್ಪಟೆಯಾಗಿದ್ದು, ಹತ್ತಿರ ಹತ್ತಿರ ಸಣ್ಣ ಗೀರುಗಳಿದ್ದು, ಆ ಗೀರುಗಳು ಅಂಚಿನ ತನಕ ಹೋಗಿ ನೀರನ್ನು ಹೊರಗೆ ಬಿಡುವಂಥದ್ದು. ಹಿಮ್ಮಡಿಯ ಹಿಂದಿನ ಅಂಚನ್ನು ವಿಶೇಷವಾಗಿ ನೋಡಿ. ನಡೆಯುವಾಗ ಮೊದಲು ನೆಲಕ್ಕೆ ತಾಗುವುದು ಅದೇ, ಜಾರುವುದೂ ಅಲ್ಲಿಂದಲೇ.

ಅಂಗಡಿಯಲ್ಲಿ ಎಣ್ಣೆ ಚೆಲ್ಲಿ ಪರೀಕ್ಷೆ ಮಾಡಲು ಯಾರೂ ಬಿಡುವುದಿಲ್ಲ. ಸೇಫ್ಟಿ ಸಾಮಾನಿನ ಅಂಗಡಿಗೆ ಹೋದರೆ ಕೆಲವು ಶೂಗಳ ಮೇಲೆ ಎಸ್‌ಆರ್‌ಸಿ ಎಂಬ ಗುರುತು ಇರುತ್ತದೆ. ಸೋಪು ನೀರು ಹಾಕಿದ ಟೈಲ್ಸ್, ಗ್ಲಿಸರಿನ್ ಸವರಿದ ಉಕ್ಕಿನ ಹಲಗೆ, ಎರಡರ ಮೇಲೂ ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ. ಹೊಸ ಮಾನದಂಡದಲ್ಲಿ ಈ ಅಕ್ಷರಗಳು ಬದಲಾಗಿವೆ, ಆದರೆ ಅಂಗಡಿಗಳಲ್ಲಿ ಹಳೆ ಗುರುತು ಇನ್ನೂ ಕಾಣಿಸುತ್ತದೆ. ನಮ್ಮ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 15298 ಮಾನದಂಡದಲ್ಲಿ ಸೇಫ್ಟಿ ಶೂ ಬೇರೆ, ಮುಂದೆ ಉಕ್ಕಿನ ಟೋಪಿ ಇಲ್ಲದ ಕೆಲಸದ ಶೂ ಬೇರೆ. ಉಕ್ಕಿನದು 200 ಜೂಲ್ ಪೆಟ್ಟು ತಾಳಬೇಕು, ಅಂದರೆ ಸುಮಾರು 20 ಕಿಲೋ ಭಾರ ಒಂದು ಮೀಟರ್ ಮೇಲಿಂದ ಬಿದ್ದಷ್ಟು. ದೋಸೆಯವನಿಗೆ ಅದು ಸುಮ್ಮನೆ ಭಾರ. ಸಿಲಿಂಡರ್ ಉರುಳಿಸುವವನಿಗೆ ಮಾತ್ರ ನಾನು ಅದನ್ನೇ ಕೊಡಿಸಿದ್ದೇನೆ. ಹೋಟೆಲ್ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ, ಕಬ್ಬಿಣದ ತೂಕ ಅದರ ಮೇಲೆ.

ಎಷ್ಟು ಒಳ್ಳೆಯ ಅಡಿಯಾದರೂ ಗೀರುಗಳಲ್ಲಿ ಮೈದಾ, ಎಣ್ಣೆ ಸೇರಿ ಗಟ್ಟಿಯಾದರೆ ಅದು ಬರೀ ಹಲಗೆ. ರಾತ್ರಿ ನೆಲ ತೊಳೆಯುವಾಗ ಶೂ ಮಗುಚಿ, ಹಳೆ ಬ್ರಷ್ಷಿನಲ್ಲಿ ಸೋಪು ನೀರು ಹಾಕಿ ಉಜ್ಜಿ ಎಂದು ನಾನು ಹೇಳುತ್ತಲೇ ಇರುತ್ತೇನೆ. ಹುಡುಗರು ಬೈದುಕೊಳ್ಳುತ್ತಾ ಉಜ್ಜುತ್ತಾರೆ.

ಈಗ ಮೆತ್ತಗಿರುವುದರ ವಿಚಾರಕ್ಕೆ ಬರೋಣ. ಸಪ್ಲೈಯರ್ ಕಾಲಿಗೂ ದೋಸೆಯವನ ಕಾಲಿಗೂ ಒಂದೇ ಶೂ ಆಗುವುದಿಲ್ಲ ಎನ್ನುವುದು ಎರಡೂ ಕೆಲಸ ಮಾಡಿದವನಿಗೆ ಗೊತ್ತು. ಸಪ್ಲೈಯರ್ ದಿನವಿಡೀ ಓಡುತ್ತಾನೆ, ಆದರೂ ಸಂಜೆಗೆ ದೋಸೆಯವನಷ್ಟು ಕಾಲು ಬಾತಿರುವುದಿಲ್ಲ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತವನಿಗೆ ಆ ಹಿಂಡುವಿಕೆ ಇಲ್ಲ, ರಕ್ತ ಕೆಳಗೇ ನಿಲ್ಲುತ್ತದೆ. ಹಳೆಯ ಅಡುಗೆಯವರ ಕಾಲಲ್ಲಿ ಹಸಿರು ನರ ಉಬ್ಬಿ ಗಂಟುಗಂಟಾಗಿರುವುದನ್ನು ಯಾರು ನೋಡಿಲ್ಲ? ಹಾಗಾಗಿ ಓಡುವವನಿಗೆ ಹಗುರವಾದ, ಬೆರಳಿನ ಬುಡದಲ್ಲಿ ಸಲೀಸಾಗಿ ಬಾಗುವ ಶೂ. ನಿಲ್ಲುವವನಿಗೆ ಅಡಿ ಸ್ವಲ್ಪ ಗಟ್ಟಿ, ಹಿಮ್ಮಡಿ ಹಿಡಿದು ನಿಲ್ಲಿಸುವಂಥದ್ದು. ತೀರಾ ಮೆತ್ತಗಿದ್ದರೆ ಪಾದ ಹೂತುಹೋಗಿ, ಅಲ್ಲಾಡದ ಹಾಗೆ ನಿಲ್ಲಲು ಕಣಕಾಲು ಇಡೀ ದಿನ ಕಷ್ಟಪಡುತ್ತದೆ. ಅಂಗಡಿಯಲ್ಲಿ ಹಿತವಾಗಿ ಕಂಡ ಅಗ್ಗದ ಫೋಮು ಕೆಲವು ವಾರದಲ್ಲಿ ಚಪ್ಪಟೆಯಾಗಿ, ಆಮೇಲೆ ಕಲ್ಲಿನ ಮೇಲೇ ನಿಂತ ಲೆಕ್ಕ.

ನಾನು ನೋಡುವುದು ಹೀಗೆ: ಶೂವಿನ ಮುಂದೆ ಹಿಂದೆ ಹಿಡಿದು ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಮಡಿಸಿಕೊಂಡರೆ ಬೇಡ. ತಿರುಚಿದರೆ ತೀರಾ ಸುಲಭವಾಗಿ ತಿರುಗಬಾರದು. ಹಿಮ್ಮಡಿಯ ಗೋಡೆಯನ್ನು ಎರಡು ಬೆರಳಲ್ಲಿ ಹಿಸುಕಿದರೆ ಕುಸಿಯಬಾರದು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಿದ್ದರೆ, ಶೂ ಬದಲಿಸುವುದರ ಜೊತೆಗೆ ಡಾಕ್ಟರಿಗೂ ತೋರಿಸಿ.

ಅಳತೆಯ ವಿಷಯದಲ್ಲಿ ನಮ್ಮವರಿಗೆ ಒಂದು ಹಳೆಯ ತೊಡಕಿದೆ. ಊರಲ್ಲಿ ಬರಿಗಾಲಲ್ಲೇ ಗದ್ದೆ, ತೋಟ ತಿರುಗಿ ಬೆಳೆದವರ ಪಾದ ಮುಂದೆ ಅಗಲ, ಬೆರಳುಗಳು ಬಿಚ್ಚಿಕೊಂಡಿರುತ್ತವೆ. ನಾವು ಕೊಳ್ಳುವ 7, 8, 9 ನಂಬರು ಬ್ರಿಟಿಷರ ಲೆಕ್ಕ. ಒಂದು ನಂಬರು ಹೆಚ್ಚಿದರೆ ಉದ್ದ ಮೂರನೇ ಒಂದು ಇಂಚು ಹೆಚ್ಚುತ್ತದೆ. ಅಗಲದ ಮಾತು ಆ ನಂಬರಿನಲ್ಲಿ ಇಲ್ಲ. ಅಗಲ ಸಾಲದೆ ಉದ್ದ ಹೆಚ್ಚಿಸಿ ಕೊಂಡು, ಹಿಮ್ಮಡಿ ಲೊಡಲೊಡ ಅನ್ನುತ್ತಾ ಓಡಾಡುವವರೇ ಬಹಳ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡುಕೊಂಡು, ‘ಭಾ’ ಎಂಬ ನಮ್ಮದೇ ಅಳತೆ ಸೂಚಿಸಿದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಆ ಅಳತೆಯ ಶೂ ನಮ್ಮ ಕೈಗೆ ಸಿಗುವ ತನಕ ಗಲ್ಲಾ ಪಕ್ಕದ ಪಾರ್ಸೆಲ್ ಪೇಪರೇ ಗತಿ. ಸಂಜೆ ರಶ್ ಮುಗಿದ ಮೇಲೆ, ಕಾಲು ಬಾತಿರುವ ಹೊತ್ತಿನಲ್ಲಿ, ಹುಡುಗನನ್ನು ಪೇಪರಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿಸುತ್ತೇನೆ. ಕ್ಯಾಶಿಯರ್ ಕಿವಿಯ ಸಂದಿಯ ಪೆನ್ಸಿಲ್ ಈಸಿಕೊಂಡು, ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯುತ್ತೇನೆ. ಸಾಮಾನ್ಯವಾಗಿ ಒಂದು ಪಾದ ಇನ್ನೊಂದಕ್ಕಿಂತ ಚೂರು ದೊಡ್ಡದಿರುತ್ತದೆ, ದೊಡ್ಡದೇ ಲೆಕ್ಕಕ್ಕೆ. ಅಂಗಡಿಯಲ್ಲಿ ಶೂವಿನ ಒಳ ಅಟ್ಟೆ ಹೊರಗೆ ತೆಗೆದು ಆ ಗೆರೆಯ ಮೇಲಿಟ್ಟರೆ ಸಾಕು. ಗೆರೆ ಎರಡೂ ಬದಿಗೆ ಹೊರಗೆ ಇಣುಕಿದರೆ, ಅಂಗಡಿಯವನು “ಹಾಕ್ತಾ ಹಾಕ್ತಾ ಲೂಸಾಗುತ್ತೆ ಸರ್” ಅಂದರೂ ವಾಪಸ್ ಕೊಡುತ್ತೇನೆ. ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು.

ನಮ್ಮ ಹೋಟೆಲುಗಳಲ್ಲಿ ಇನ್ನೊಂದು ಮಾತಿದೆ, ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿರುವುದಿಲ್ಲ. ಶೂ ತಂದಿಟ್ಟ ದಿನ ನಮ್ಮ ಹಿರಿಯ ಅಡುಗೆ ಭಟ್ಟರು ಮುಖ ತಿರುಗಿಸಿದರು. “ಒಲೆ ಎದ್ರಿಗೆ ಮೆಟ್ಟು ಹಾಕಂಡ್ ನಿಲ್ಲೂದಾ ಮಾರಾಯ?” ಅವರೊಡನೆ ವಾದಕ್ಕೆ ನಿಲ್ಲಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿಯ ಒಡಕಿಗೆ ಉಪ್ಪುನೀರು ತಾಗಿದರೂ ಗೊತ್ತಾಗದ ಸ್ಥಿತಿಗೆ ಬಂದಿದ್ದರು. ಬರಿಗಾಲು ಕೂಡದೆಂದು ಕೊನೆಗೆ ಡಾಕ್ಟರೇ ಗದರಿ, ಮನೆಗೆ ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಸೂಕ್ಷ್ಮ ರಂಧ್ರಗಳ ಆ ರಬ್ಬರು ಸ್ಪರ್ಶವಿಲ್ಲದ ಪಾದಕ್ಕೆಂದೇ ಇರುವುದು; ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಪಾದ ಉಳಿಸಲು ದುಡಿದರಲ್ಲ, ಆ ಪರಂಪರೆಯದು. ಅಡುಗೆಮನೆಗೆ ಭಟ್ಟರು ಹಾಕಿದ ಷರತ್ತು ಎರಡು: ಚರ್ಮದ್ದಾಗಬಾರದು, ಹೊರಗೆ ಮೆಟ್ಟಿದ್ದು ಒಳಗೆ ಬರಬಾರದು. ಎರಡೂ ಲೆಕ್ಕಕ್ಕೆ ಸರಿಯಾದ ಷರತ್ತೇ. ಚರ್ಮ ನೀರಿನಲ್ಲಿ ಬಾಳುವುದಿಲ್ಲ, ಬೀದಿಯ ಕೊಳೆ ಒಳಗೆ ಬರುವುದೂ ಬೇಡ. ಈಗ ಅಡುಗೆಮನೆ ಬಾಗಿಲಲ್ಲಿ ಒಂದು ಗೂಡು ಮಾಡಿಸಿದ್ದೇವೆ, ಒಳಗಿನ ಜೋಡು ಅಲ್ಲೇ. ಬೆಳಿಗ್ಗೆ ಭಟ್ಟರು ಬರಿಗಾಲಲ್ಲಿ ಒಲೆಗೆ ಕುಂಕುಮವಿಟ್ಟು, ಗ್ಯಾಸ್ ಹಚ್ಚಿ, ಆಮೇಲೆ ಬಂದು ಹಾಕಿಕೊಳ್ಳುತ್ತಾರೆ.

ಬಾಳಿಕೆಯ ಬಗ್ಗೆ ಒಂದೆರಡು ಮಾತು. ಸಾಮಾನ್ಯ ರಬ್ಬರು ಎಣ್ಣೆಗೆ ಉಬ್ಬುತ್ತದೆ, ನೈಟ್ರೈಲ್ ರಬ್ಬರು ತಡೆಯುತ್ತದೆ. ಇವಿಎ ಎಂಬ ಫೋಮಿನ ಅಡಿ ಹಗುರ, ಆದರೆ ಒಲೆಯ ಪಕ್ಕ ಒಣಗಲು ಇಟ್ಟರೆ ಕುಗ್ಗಿ ಒಂದು ನಂಬರು ಚಿಕ್ಕದಾಗುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್ ಅಡಿ ನಡೆಯಲು ಬಹಳ ಹಿತ. ಅದರ ಶತ್ರು ತೇವ. ಪರಿಚಯದ ಮಾಲೀಕರೊಬ್ಬರು ಸೋವಿಯಲ್ಲಿ ಸಿಕ್ಕಿತೆಂದು ಅಂಥ ಶೂ ಒಂದು ರಾಶಿ ತಂದು ಸ್ಟೋರ್‌ರೂಮಿನ ಅಟ್ಟದ ಮೇಲಿಟ್ಟರು. ಕೆಲವು ಮಳೆಗಾಲ ಕಳೆದು ಡಬ್ಬ ತೆರೆದರೆ ಮೇಲ್ಭಾಗ ಹೊಚ್ಚ ಹೊಸದು, ಅಡಿ ಮಾತ್ರ ಹಳೆ ರಸ್ಕಿನ ಹಾಗೆ ಕೈಯಲ್ಲೇ ಪುಡಿಯಾಯಿತು. ಗಾಳಿಯ ತೇವವೇ ಅದನ್ನು ಒಳಗಿಂದ ಮುರಿಯುತ್ತದೆ, ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಆದ್ದರಿಂದ ಕೂಡಿಡುವುದು ಬೇಡ, ಬೇಕಾದಾಗ ತನ್ನಿ. ಅಂಟಿಸಿದ ಅಡಿ ಬಾಯಿ ಬಿಟ್ಟರೆ ರಸ್ತೆ ಬದಿಯ ಚಮ್ಮಾರರ ಹತ್ತಿರ ಸುತ್ತ ಹೊಲಿಗೆ ಹಾಕಿಸಿದರೆ ಇನ್ನಷ್ಟು ತಿಂಗಳು ಬರುತ್ತದೆ. ಅಚ್ಚಿನಲ್ಲೇ ಎರೆದ ಅಡಿಯಾದರೆ ಅವರೂ ಕೈ ಚೆಲ್ಲುತ್ತಾರೆ. ಸಾಧ್ಯವಾದರೆ ಒಬ್ಬೊಬ್ಬರಿಗೆ ಎರಡು ಜೊತೆ ಕೊಡಿ, ದಿನ ಬಿಟ್ಟು ದಿನ ಹಾಕಲಿ. ಒದ್ದೆ ಶೂ ಒಂದು ರಾತ್ರಿಗೆ ಒಣಗುವುದಿಲ್ಲ, ಬೆರಳ ಸಂದಿಯ ಕೆಸರುಹುಣ್ಣು ಶುರುವಾಗುವುದು ಅಲ್ಲೇ. ಒಳಗೆ ಹಳೆ ಪೇಪರು ತುರುಕಿಟ್ಟರೆ ತೇವ ಎಳೆದುಕೊಳ್ಳುತ್ತದೆ.

ದುಡ್ಡು ಯಾರು ಕೊಡಬೇಕು? ನಮ್ಮ ಮಾಲೀಕರು ಮೊದಲು ಸಂಬಳದಲ್ಲಿ ಹಿಡಿಯೋಣ ಎಂದರು. ಏಪ್ರನ್ನಿಗೆ ಹಿಡಿಯುತ್ತೀರಾ ಎಂದು ಕೇಳಿದೆ. ಒಂದು ಜೊತೆ ಹೋಟೆಲಿನದು, ಎರಡನೆಯದಕ್ಕೆ ಅರ್ಧ ಅರ್ಧ ಎಂದು ತೀರ್ಮಾನವಾಯಿತು. ಆದರೂ ಶೂ ಎಷ್ಟೇ ಚೆನ್ನಾಗಿರಲಿ, ಅದು ಸ್ಟೂಲಿನ ಕೆಲಸ ಮಾಡುವುದಿಲ್ಲ. ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ ಅಂಗಡಿ ಕಾಯ್ದೆ ತಿದ್ದಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಎಂದು ಮಾಡಿದರು. ಕೇರಳದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು. ದೋಸೆ ಹುಯ್ಯುವುದನ್ನು ಕೂತು ಮಾಡಲಾಗದು, ಒಪ್ಪಿದೆ. ಉಳ್ಳಾಗಡ್ಡಿ ಹೆಚ್ಚುವುದು, ಆಲೂಗಡ್ಡೆ ಸುಲಿಯುವುದು ಕೂತೇ ಆಗುತ್ತದೆ, ಅದಕ್ಕೆ ನಮ್ಮಲ್ಲೀಗ ಎರಡು ಸ್ಟೂಲಿವೆ. ಕಾವಲಿ ಮುಂದೆ ಒಂದು ಗಿಡ್ಡ ಮರದ ದಿಮ್ಮಿ ಇಟ್ಟಿದ್ದೇನೆ. ಒಂದು ಕಾಲು ಅದರ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಸೊಂಟಕ್ಕೆ ಆರಾಮ.

ನೀರು ಬಸಿಯುವ ತೂತುಗಳ ರಬ್ಬರ್ ಮ್ಯಾಟನ್ನೂ ಕೇಳಿದ್ದೇನೆ. ನೆಲದ ಟೈಲ್ಸ್ ಬದಲಿಸಿ ಆಮೇಲೆ ನೋಡೋಣ ಎಂದಿದ್ದಾರೆ ಮಾಲೀಕರು. ಟೈಲ್ಸ್ ಅಂಗಡಿಗೆ ನನ್ನನ್ನೂ ಕರೆದಿದ್ದಾರೆ. ಅಡುಗೆಮನೆ ಶೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಅಲ್ಲಾದರೂ ನೆಲದ ಮೇಲೆ ನೀರು, ಎರಡು ಹನಿ ಎಣ್ಣೆ ಚೆಲ್ಲಿ ನಡೆದು ನೋಡಲು ಬಿಡುತ್ತಾರೋ ಏನೋ.