ಒಂದೇ ಯಂತ್ರದೊಳಗಿನ ಮಾತುಕತೆ

ಅಡಿಗೆಮನೆಯಿಂದ ಪಡಸಾಲೆಗೆ ಚೀಟಿ ಕಳಿಸೋದಕ್ಕೆ ದೆಹಲಿಯ ಗೋಲ್ ಡಾಕ್ ಖಾನೆಗೆ ಹೋಗಿ ಅಂಚೆಗೆ ಹಾಕುವವರುಂಟೆ? ಒಂದೇ ಕಂಪ್ಯೂಟರಿನ ಎರಡು ಪ್ರೋಗ್ರಾಮುಗಳು ನೆಟ್‌ವರ್ಕಿನ ವಿಳಾಸ ಹಿಡಿದು ಮಾತಾಡೋದೂ ಅಂಥದ್ದೇ. ನೇರ ದಾರಿ ಲೋಕಲ್ ಸಾಕೆಟ್; 1983ರಲ್ಲಿ ಬರ್ಕ್ಲಿಯ 4.2 ಬಿಎಸ್‌ಡಿ ಯುನಿಕ್ಸಿನೊಡನೆ ಬಂದದ್ದು.

ಇಲ್ಲಿ ವಿಳಾಸವೆಂದರೆ ಕಡತದ ಹೆಸರು. ಸರ್ವರು ಆ ಹೆಸರಿಗೆ ಬೈಂಡ್ ಆಗಿ, ಲಿಸನ್ ಎಂದು ಕಿವಿಗೊಟ್ಟು ಕೂರುತ್ತದೆ. ಕ್ಲೈಂಟಿನ ಕನೆಕ್ಟ್ ಕದ ತಟ್ಟಿದಂತೆ. ಸರ್ವರಿನ ಅಕ್ಸೆಪ್ಟ್ ಕದ ತೆರೆದಂತೆ. ಆಡಿದ ಮಾತು ಆ ಕಡತದಲ್ಲಿ ಕೂರುವುದಿಲ್ಲ. ಕರ್ನಲ್ಲಿನ ಮೂಲಕವೇ ದಾಟುತ್ತದೆ.

ನನಗೆ ವೇಗಕ್ಕಿಂತ ಮುಖ್ಯವೆನಿಸೋದು ಗುಟ್ಟು. ಕಾಲೇಜಿನ ಲ್ಯಾಬಿನಂತೆ ಹಲವರು ಹಂಚಿಕೊಂಡ ಯಂತ್ರದಲ್ಲಿ 127.0.0.1ರ ಪೋರ್ಟನ್ನು ಯಾರು ಬೇಕಾದರೂ ತಟ್ಟಬಹುದು. ಲಿನಕ್ಸಿನಲ್ಲಿ ಸಾಕೆಟ್ ಕಡತಕ್ಕೆ 0600 ಅನುಮತಿ ಕೊಟ್ಟರೆ, ರೂಟನ್ನು ಬಿಟ್ಟು, ಒಡೆಯನಿಗಷ್ಟೇ ಪ್ರವೇಶ. ಬಂದವರು ಯಾರೆಂದು ಕರ್ನಲ್ಲೇ ಹೇಳುತ್ತೆ. ಪೋಸ್ಟ್‌ಗ್ರೆಸ್ ಅದನ್ನು ನಂಬಿ ಪಾಸ್‌ವರ್ಡಿಲ್ಲದೆ ಒಳಬಿಡಬಲ್ಲದು.

ಎರಡು ಎಚ್ಚರಿಕೆ. ಲಿನಕ್ಸಿನಲ್ಲಿ ದಾರಿ ಸಮೇತ ಹೆಸರಿಗೆ 108 ಬೈಟೇ ಮಿತಿ. ನಮ್ಮ ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟು, 36ಕ್ಕೇ ಮುಗೀತು! ಇನ್ನೊಂದು, ಪ್ರೋಗ್ರಾಂ ಸತ್ತರೂ ಕಡತ ಉಳಿಯುತ್ತೆ. ಅದನ್ನು ಅನ್‌ಲಿಂಕ್ ಮಾಡದೆ ಮತ್ತೆ ಬೈಂಡ್ ಮಾಡಹೋದರೆ, ವಿಳಾಸ ಬಳಕೆಯಲ್ಲಿದೆ ಎಂಬ ತಕರಾರು.

ಬೇರೆ ಯಂತ್ರದೊಡನೆ ಮಾತಿಗೆ ಮಾತ್ರ ನೆಟ್‌ವರ್ಕೇ ಗತಿ.